ಹೊಲಕ್ಕೊಂದು ಹವಾ, ರಸ್ತೆಗೊಂದು ಹವಾ: ಟಾಯರಿಗೆ ಕಂಪ್ರೆಸರ್ ಕೊಳ್ಳುವ ಮೊದಲು



ಹಂಗಾಮು ಹತ್ತಿರ ಬಂದಂತೆ ಗಟ್ ಕಚೇರಿಗೆ ಬರುವ ರೈತರು ಬೀಜ, ಗೊಬ್ಬರ, ಕಟಾವಿನ ಸರದಿಗಳ ವಿಷಯ ಕೇಳುವುದು ವಾಡಿಕೆ. ಈಚೆಗೆ ಅದರೊಂದಿಗೆ ಇನ್ನೊಂದು ಪ್ರಶ್ನೆ ಸೇರಿದೆ. "ಸಾಹೇಬರ, ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚಿ ಹವಾ ಹೊಡಿಯೋ ಸಣ್ಣ ಕಂಪ್ರೆಸರ್ ಬಂದಾವಂತ, ತಗೋಬೇಕೋ ಬ್ಯಾಡೋ? ತಗೊಂಡರ ಯಾವುದು?" ಸೊಲ್ಲಾಪುರದ ಪೇಟೆಯಲ್ಲಿ ಇಂಥವು ಹತ್ತು ತರಹ ಸಿಗುತ್ತವೆ. ಡಬ್ಬಿಯ ಮೇಲೆ ಎಲ್ಲವೂ ಒಂದೇ ಮಾತು ಬರೆದುಕೊಂಡಿರುತ್ತವೆ. ಆದ್ದರಿಂದ ಈ ಸಂಚಿಕೆಯಲ್ಲಿ ಅದೇ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕಬ್ಬು ಅಭಿವೃದ್ಧಿ ಅಧಿಕಾರಿಗೆ ಟಾಯರಿನ ಉಸಾಬರಿ ಏಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ಎರಡು. ಮೊದಲನೆಯದು ನಿಮ್ಮ ಎರೆಭೂಮಿ. ಎರಡನೆಯದು ಕಡಿದ ಕಬ್ಬು ದಾರಿಯಲ್ಲಿ ನಿಂತರೆ ಆಗುವ ಹಾನಿ. ಎರಡೂ ಕೊನೆಗೆ ಟನ್ನಿನ ಲೆಕ್ಕಕ್ಕೇ ಬಂದು ಮುಟ್ಟುತ್ತವೆ.

ಗಾಲಿಯ ಕೆಳಗಿನ ನೆಲ

ಟಾಯರು ನೆಲವನ್ನು ಎಷ್ಟು ಒತ್ತುತ್ತದೆ ಎಂಬುದಕ್ಕೆ ಒಂದು ಮೋಟು ಲೆಕ್ಕವಿದೆ. ಟಾಯರಿನ ಒಳಗೆ ಹವಾ ಎಷ್ಟು ಒತ್ತಡದಲ್ಲಿದೆಯೋ, ಹೆಚ್ಚು ಕಡಿಮೆ ಅಷ್ಟೇ ಒತ್ತಡವನ್ನು ಟಾಯರು ನೆಲದ ಮೇಲೆ ಹಾಕುತ್ತದೆ. ಟ್ರ್ಯಾಕ್ಟರಿನ ಒಂದು ಹಿಂದಿನ ಗಾಲಿಯ ಮೇಲೆ 650 ಕಿಲೋ ಭಾರ ಇದೆ ಎಂದು ಇಟ್ಟುಕೊಳ್ಳಿರಿ. ಹವಾ 12 ಪೌಂಡ್ ಇದ್ದರೆ ಆ ಭಾರ ಸುಮಾರು 770 ಚದರ ಸೆಂಟಿಮೀಟರ್ ನೆಲದ ಮೇಲೆ ಹರಡುತ್ತದೆ. ಅದೇ ಗಾಲಿಗೆ 24 ಪೌಂಡ್ ಹೊಡೆಸಿದರೆ ಗಾಲಿ ಉಬ್ಬಿ ನಿಲ್ಲುತ್ತದೆ, ನೆಲಕ್ಕೆ ತಾಗುವ ಜಾಗ ಅರ್ಧಕ್ಕೆ ಇಳಿಯುತ್ತದೆ, ಒತ್ತು ಇಮ್ಮಡಿಯಾಗುತ್ತದೆ. ಟಾಯರಿನ ಗೋಡೆಯ ಬಿರುಸಿನಿಂದ ಈ ಲೆಕ್ಕ ಸ್ವಲ್ಪ ಆಚೀಚೆ ಆದೀತು, ಆದರೆ ದಿಕ್ಕು ಇದೇ.

ಭೀಮಾ, ಸೀನಾ, ಬೋರಿ ನದಿಗಳ ಆಸುಪಾಸಿನ ನಮ್ಮ ಕರಿ ಎರೆ ಹಸಿ ಇದ್ದಾಗ ಬೆಣ್ಣೆಯ ಹಾಗೆ, ಒಣಗಿದಾಗ ಕಲ್ಲಿನ ಹಾಗೆ. ಹಸಿ ಇದ್ದಾಗ ಬಿದ್ದ ಒತ್ತಡದಿಂದ ಮಣ್ಣಿನ ಕಣಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ನೀರು ಇಳಿಯುವುದಿಲ್ಲ, ಬೇರಿಗೆ ಉಸಿರಿಲ್ಲ. ಹೊಸ ಕಬ್ಬಾದರೆ ನೇಗಿಲು ಹೊಡೆದು ಸರಿಮಾಡಿಕೊಳ್ಳಬಹುದು. ಕುಳೆ ಕಬ್ಬು, ಅಂದರೆ ನೀವು ಖೋಡವಾ ಎಂದು ಕರೆಯುವುದಕ್ಕೆ ಆ ಅವಕಾಶವಿಲ್ಲ. ಹೋದ ವರ್ಷದ ಬುಡದ ಪಕ್ಕದಲ್ಲಿ ಗಾಲಿ ತುಳಿದ ಗಟ್ಟಿ ನೆಲದಲ್ಲಿಯೇ ಅದು ಹೊಸ ಬೇರು ಬಿಡಬೇಕು. ಕುಳೆ ಹೊಲದಲ್ಲಿ ಸಾಲಿನುದ್ದಕ್ಕೂ ಒಂದು ಪಟ್ಟೆ ಕುಳ್ಳಗೆ, ಹಳದಿಗೆ ತಿರುಗಿ ನಿಂತಿದ್ದರೆ ಯೂರಿಯಾ ಚೆಲ್ಲುವ ಮೊದಲು ಅಲ್ಲಿ ಸಲಾಕಿ ಊರಿ ನೋಡಿರಿ. ಪಕ್ಕದ ಸಾಲಿನಲ್ಲಿ ಇಳಿದಷ್ಟು ಸಲೀಸಾಗಿ ಅಲ್ಲಿ ಇಳಿಯದಿದ್ದರೆ ಅದು ಗೊಬ್ಬರದ ಕೊರತೆಯಲ್ಲ, ಗಾಲಿಯ ಪೆಟ್ಟು.

ಟ್ರ್ಯಾಕ್ಟರಿಗೆ ಹವಾದ ಟಾಯರು ಬಂದದ್ದೇ ಈ ವಿಚಾರದಿಂದ. ಮೊದಲು ಕಬ್ಬಿಣದ ಗಾಲಿಗಳಿದ್ದವು. 1932ರಲ್ಲಿ ಅಮೇರಿಕೆಯ ಆಲಿಸ್ ಚಾಮರ್ಸ್ ಕಂಪನಿ ತನ್ನ ಟ್ರ್ಯಾಕ್ಟರಿಗೆ ವಿಮಾನದ ಟಾಯರುಗಳನ್ನು ಕಡಿಮೆ ಹವಾದಲ್ಲಿ ಹಾಕಿ ಹೊಲಕ್ಕೆ ಇಳಿಸಿತು. ಮೆತ್ತಗಿದ್ದದ್ದೇ ಅದರ ಗುಣ. ಅದನ್ನು ನಾವು ಕಲ್ಲಿನ ಹಾಗೆ ಉಬ್ಬಿಸಿ ಓಡಿಸಿದರೆ ಮತ್ತೆ ಕಬ್ಬಿಣದ ಗಾಲಿಗೆ ಹೋದಂತೆಯೇ ಸರಿ.

ಹಾಗಾದರೆ ಸದಾ ಕಡಿಮೆ ಹವಾ ಇಟ್ಟರಾಯಿತಲ್ಲ ಎಂದರೆ ಅದೂ ಆಗದು. ರಸ್ತೆಯ ಮೇಲೆ ತುಂಬಿದ ಟ್ರೇಲರು ಎಳೆಯುವಾಗ ಮೆತ್ತಗಿನ ಟಾಯರಿನ ಮಗ್ಗುಲು ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಕಾಯುತ್ತದೆ, ಒಳಗಿನ ನೈಲಾನ್ ಎಳೆ ಹರಿಯುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳ ಹಿಂದಿನ ಟಾಯರಿಗೆ ಹೊಲದ ಕೆಲಸದಲ್ಲಿ ಸಾಧಾರಣ 12 ರಿಂದ 16 ಪೌಂಡ್, ರಸ್ತೆಯ ಎಳೆತಕ್ಕೆ 20ರ ಆಸುಪಾಸು ಬೇಕಾಗುತ್ತದೆ. ಸರಿಯಾದ ಅಂಕಿ ನಿಮ್ಮ ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿದೆ. ಆ ಪುಸ್ತಕ ಹೆಚ್ಚಿನ ಮನೆಗಳಲ್ಲಿ ಬಿಚ್ಚದೆ ಪೆಟ್ಟಿಗೆಯಲ್ಲಿ ಇರುತ್ತದೆ, ಒಮ್ಮೆ ತೆಗೆಯಿರಿ.

ಇಳಿಸುವುದು ಸುಲಭ, ವಾಲ್ವಿನ ಪಿನ್ನು ಒತ್ತಿದರೆ ಸಾಕು. ಏರಿಸುವುದೇ ಕಷ್ಟ. ಪಂಕ್ಚರ್ ಅಂಗಡಿ ಐದಾರು ಕಿಲೋಮೀಟರ್ ದೂರ ಇರುವುದರಿಂದಲೇ ನಮ್ಮ ಚಾಲಕರು ಎರಡೂ ಕೆಲಸಕ್ಕೆ ಒಂದೇ ಹವಾ, ಅದೂ ಒಂದು ಕೈ ಹೆಚ್ಚಾಗಿಯೇ ಹೊಡೆಸಿ ಬಿಡುತ್ತಾರೆ. ಹೊಲದಲ್ಲೇ ಕಂಪ್ರೆಸರ್ ಇದ್ದರೆ ಈ ಸಬೂಬು ಉಳಿಯುವುದಿಲ್ಲ.

ಲೀಟರ್ ಬೇರೆ, ಪೌಂಡ್ ಬೇರೆ

ಕಂಪ್ರೆಸರ್ ಆರಿಸುವಾಗ ಜನ ಎಡವುವುದು ಇಲ್ಲಿಯೇ. ಆದ್ದರಿಂದ ಇದನ್ನು ನಿಧಾನವಾಗಿ ಓದಿರಿ.

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ "150 ಪೌಂಡ್" ಎಂದು ಬರೆದಿರುತ್ತದೆ. ಅದು ಯಂತ್ರ ಎಷ್ಟು ಒತ್ತಡದ ತನಕ ಒತ್ತಬಲ್ಲದು ಎಂಬ ಮಾತು, ಎಷ್ಟು ಬೇಗ ತುಂಬುತ್ತದೆ ಎಂಬ ಮಾತಲ್ಲ. ಸೈಕಲ್ ಪಂಪಿನಿಂದಲೂ 80, 90 ಪೌಂಡ್ ತರಬಹುದು. ಅದರಿಂದ ಟ್ರ್ಯಾಕ್ಟರ್ ಗಾಲಿ ತುಂಬಲು ಕೂತರೆ ಹೊತ್ತು ಮುಳುಗುತ್ತದೆ. ಬಾವಿಯ ಆಳ ಬೇರೆ, ಪಂಪಿನಿಂದ ಬೀಳುವ ನೀರಿನ ಧಾರೆ ಬೇರೆ ಎಂದು ನಿಮಗೆ ಹೇಳಬೇಕಾಗಿಲ್ಲ. ಇದೂ ಹಾಗೆಯೇ. ನೀವು ಕೇಳಬೇಕಾದದ್ದು, ನಿಮಿಷಕ್ಕೆ ಎಷ್ಟು ಲೀಟರ್ ಹವಾ, ಅದೂ ಎಷ್ಟು ಪೌಂಡಿನ ಎದುರಿಗೆ.

ಬೇಕಾದ ಹವಾ ಲೆಕ್ಕ ಹಾಕುವುದು ಹೀಗೆ. ಟಾಯರಿನ ಒಳಗಿನ ಜಾಗ ಎಷ್ಟು ಲೀಟರ್ ಎಂಬುದನ್ನು, ಏರಿಸಬೇಕಾದ ಪೌಂಡುಗಳಿಂದ ಗುಣಿಸಿ, 15ರಿಂದ ಭಾಗಿಸಿರಿ. ಬಂದ ಉತ್ತರವೇ ಹೊರಗಿನ ಗಾಳಿಯಿಂದ ಎಳೆದು ತುಂಬಬೇಕಾದ ಲೀಟರ್.

ನಮ್ಮಲ್ಲಿ ಸಾಮಾನ್ಯವಾಗಿರುವ 13.6-28 ಅಳತೆಯ ಹಿಂದಿನ ಟಾಯರಿನ ಒಳಗೆ ಸುಮಾರು 200 ಲೀಟರ್ ಜಾಗವಿದೆ. ಹೊಲದ 12 ಪೌಂಡಿನಿಂದ ರಸ್ತೆಯ 20 ಪೌಂಡಿಗೆ ಏರಿಸಲು 200ನ್ನು 8ರಿಂದ ಗುಣಿಸಿ 15ರಿಂದ ಭಾಗಿಸಿದರೆ 107 ಲೀಟರ್. ಎರಡು ಗಾಲಿಗೆ 214 ಲೀಟರ್. 16.9-28ರ ದೊಡ್ಡ ಟಾಯರು ಇದ್ದರೆ ಒಂದೊಂದರಲ್ಲಿ 300 ಲೀಟರಿಗೂ ಮಿಕ್ಕಿ ಜಾಗ ಇರುವುದರಿಂದ ಅದರ ಒಂದೂವರೆ ಪಟ್ಟು.

ಇನ್ನು ಟ್ರೇಲರಿನ 9.00-16 ಟಾಯರು. ಕಣ್ಣಿಗೆ ಸಣ್ಣದು, ಒಳಗಿನ ಜಾಗ ಸುಮಾರು 80 ಲೀಟರ್ ಮಾತ್ರ. ಆದರೆ ಅದಕ್ಕೆ ಭಾರ ಹೊರಲು 75 ಪೌಂಡಿನ ಆಸುಪಾಸು ಬೇಕು. ಪೂರ್ತಿ ಇಳಿದ ಟಾಯರನ್ನು 75ಕ್ಕೆ ತರಲು 80 ಗುಣಿಸು 75, ಭಾಗಿಸು 15, ಅಂದರೆ 400 ಲೀಟರ್. ನೋಡಿರಿ, ಆಳೆತ್ತರದ ಎರಡು ಗಾಲಿಗಳನ್ನು ಹೊಲದಿಂದ ರಸ್ತೆಗೆ ತರಲು ಬೇಕಾದದ್ದರ ಸುಮಾರು ಎರಡು ಪಟ್ಟು ಹವಾವನ್ನು ಸೊಂಟಕ್ಕೂ ಬಾರದ ಒಂದೇ ಟ್ರೇಲರ್ ಟಾಯರು ನುಂಗುತ್ತದೆ.

ಅಷ್ಟೇ ಅಲ್ಲ. ಸಣ್ಣ ಕಂಪ್ರೆಸರ್ ಎದುರಿನ ಒತ್ತಡ ಏರಿದಂತೆಲ್ಲ ಸೋಲುತ್ತದೆ. ಬಾಯಿ ತೆರೆದು ಬಿಟ್ಟಾಗ ನಿಮಿಷಕ್ಕೆ 30 ಲೀಟರ್ ಊದುವ ಯಂತ್ರ 15 ಪೌಂಡಿನ ಎದುರು 25 ಊದೀತು. 70 ಪೌಂಡಿನ ಎದುರು ಅದರ ಅರ್ಧವೂ ಬರುವುದು ಅನುಮಾನ. ಕಂಪನಿಯವರು ಡಬ್ಬಿಯ ಮೇಲೆ ಬರೆಯುವುದು ಬಾಯಿ ತೆರೆದಾಗಿನ ಅಂಕಿಯನ್ನೇ. ಆದ್ದರಿಂದ ಅದೇ ಯಂತ್ರ ಟ್ರ್ಯಾಕ್ಟರಿನ ಎರಡು ಗಾಲಿಗಳ 214 ಲೀಟರನ್ನು ಎಂಟೊಂಬತ್ತು ನಿಮಿಷದಲ್ಲಿ ಮುಗಿಸಿದರೂ, ಟ್ರೇಲರಿನ ಒಂದು ಟಾಯರಿಗೆ ಅರ್ಧ ಗಂಟೆ ಗೊಣಗುತ್ತದೆ. ಹತ್ತು ಹದಿನೈದು ನಿಮಿಷ ಓಡಿ ಅಷ್ಟೇ ಹೊತ್ತು ಆರಬೇಕೆಂಬ ನಿಯಮ ಅದರ ಕಾಗದದಲ್ಲಿಯೇ ಇರುತ್ತದೆ. ಆರಲು ಬಿಡುವ ವೇಳೆ ಸೇರಿಸಿದರೆ ಒಂದು ಗಂಟೆ.

ಇದರಿಂದ ನೀವು ಮೊದಲು ನಿರ್ಧರಿಸಬೇಕಾದದ್ದು ಯಂತ್ರವನ್ನಲ್ಲ, ಕೆಲಸವನ್ನು. ಸ್ವಂತ ಹೊಲದ ಉಳುಮೆ, ಸಾಲು ಎಡೆ ಹೊಡೆಯುವುದು, ಬೋದು ಏರಿಸುವುದು, ಇಷ್ಟೇ ಕೆಲಸವೋ? ಅಥವಾ ಕಾರಖಾನೆಗೆ ಕಬ್ಬು ಸಾಗಿಸುವ ಕರಾರು ಮಾಡಿಕೊಂಡವರೋ?

ಪೇಟೆಯಲ್ಲಿರುವ ತರಹಗಳು

ಕಾಲಿನಿಂದ ಒತ್ತುವ ಪಂಪನ್ನು ಹಳೆಯದೆಂದು ಮೂಲೆಗೆ ಎಸೆಯಬೇಡಿರಿ. ಎತ್ತಿನ ಟಾಯರ್ ಗಾಡಿಯವರಿಗೆ ಇವತ್ತಿಗೂ ಅದೇ ಸಾಕು. ಗಾಡಿಗೆ ಎರಡೇ ಗಾಲಿ, ಪೂರ್ತಿ ಇಳಿಯುವುದು ಅಪರೂಪ, ವಾರಕ್ಕೆ ಐದಾರು ಪೌಂಡ್ ಕೂಡಿಸಿದರೆ ಆಯಿತು. ಆದರೆ ಅದನ್ನು ತಪ್ಪದೆ ಮಾಡಬೇಕು. ಒಂದು ಕಡೆಯ ಗಾಲಿ ಮೆತ್ತಗಾದರೆ ಗಾಡಿ ಆ ಕಡೆಗೇ ಜಗ್ಗುತ್ತದೆ, ಬಂಡಿ ಎಳೆಯುವ ಶ್ರಮವೆಲ್ಲ ಆ ಬದಿಯ ಎತ್ತಿನ ಹೆಗಲಿಗೆ ಬೀಳುತ್ತದೆ. ಬೀಡ ಜಿಲ್ಲೆಯ ಕಡೆಯಿಂದ ಬರುವ ಗಾಡಿವಾನರು ನಸುಕಿನಲ್ಲಿ ಎದ್ದು ಫಡಕ್ಕೆ ಹೋಗುವ ಮೊದಲು ಎತ್ತಿಗೆ ಮೇವು ಹಾಕುವುದನ್ನು ಮರೆಯುವುದಿಲ್ಲ. ಗಾಲಿಯನ್ನೂ ಒಮ್ಮೆ ಒತ್ತಿ ನೋಡುವಂತೆ ಮುಕಾದಮರು ಹೇಳಬೇಕು.

ಸಿಗರೇಟು ಹಚ್ಚುವ ತೂತಿಗೆ ಸಿಗಿಸುವ ಅಂಗೈಯಗಲದ ಕಂಪ್ರೆಸರ್, ಮತ್ತು ತನ್ನದೇ ಬ್ಯಾಟರಿ ಹೊಟ್ಟೆಯಲ್ಲಿಟ್ಟುಕೊಂಡು ಮೊಬೈಲಿನ ಹಾಗೆ ಚಾರ್ಜು ಮಾಡುವ ಹೊಸ ಯಂತ್ರ, ಇವೆರಡೂ ಮೋಟರ್ ಸೈಕಲ್ಲಿಗೂ ಕಾರಿಗೂ ಮಾಡಿದವು. ಕಬ್ಬಿನ ಕೆಲಸಕ್ಕೆ ಇವನ್ನು ಕೊಳ್ಳಬೇಡಿರಿ.

ನಮ್ಮ ಕೆಲಸಕ್ಕೆ ಬರುವುದು ಬ್ಯಾಟರಿಯ ಎರಡು ಕಂಬಗಳಿಗೆ ನೇರವಾಗಿ ಚಿಮುಟಿ ಹಚ್ಚುವ 12 ವೋಲ್ಟಿನ ಗಟ್ಟಿ ಕಂಪ್ರೆಸರ್. ಜೀಪು, ಬೆಟ್ಟದ ದಾರಿಯ ಗಾಡಿಗಳಿಗೆಂದು ಮಾಡಿದ್ದು. ಒಂದು ಸಿಲಿಂಡರಿನದು ಬಾಯಿ ತೆರೆದಾಗ ನಿಮಿಷಕ್ಕೆ 70 ಲೀಟರಿನ ಆಸುಪಾಸು, ಎರಡು ಸಿಲಿಂಡರಿನದು ಅದರ ಇಮ್ಮಡಿ ಊದುತ್ತದೆ. ಒಂದು ಸಿಲಿಂಡರಿನದರಿಂದ ಟ್ರ್ಯಾಕ್ಟರಿನ ಎರಡು ಗಾಲಿ ನಾಲ್ಕು ನಿಮಿಷ, ಇಳಿದ ಟ್ರೇಲರ್ ಟಾಯರು ಹತ್ತು ಹನ್ನೆರಡು ನಿಮಿಷ. ಇದು ಸುಮಾರು 30 ಆಂಪಿಯರ್ ಕರೆಂಟು ಎಳೆಯುತ್ತದೆ. ಇಂಜಿನು ಚಾಲೂ ಇಟ್ಟೇ ಓಡಿಸಬೇಕು, ಇಲ್ಲವಾದರೆ ಹವಾ ತುಂಬಿದ ಟ್ರ್ಯಾಕ್ಟರನ್ನು ಸ್ಟಾರ್ಟ್ ಮಾಡಲು ನಾಲ್ಕು ಜನ ನೂಕಬೇಕಾದೀತು. ಕೆಲವು ಲಾರಿಗಳ ಬ್ಯಾಟರಿ 24 ವೋಲ್ಟಿನದು. ಗೆಳೆಯನ ಲಾರಿಗೆ 12 ವೋಲ್ಟಿನ ಯಂತ್ರ ಹಚ್ಚಿದರೆ ಒಂದೇ ಕ್ಷಣದಲ್ಲಿ ಮೋಟರು ಸುಡುತ್ತದೆ.

ಪಂಕ್ಚರ್ ಅಂಗಡಿಯಲ್ಲಿರುವ, ಪಟ್ಟಾ ಮೇಲೆ ಓಡುವ 1 ಅಶ್ವಶಕ್ತಿಯ ಟಾಕಿಯ ಕಂಪ್ರೆಸರು ನಿಮಿಷಕ್ಕೆ 100 ಲೀಟರಿನ ಆಸುಪಾಸು ಕೊಡುತ್ತದೆ, ವರ್ಷಾನುಗಟ್ಟಲೆ ಬಾಳುತ್ತದೆ. ಇದರ ಅಡಚಣಿ ಕರೆಂಟು. ಹೊಲದ ಮೋಟರಿಗೆ ಕರೆಂಟು ಬರುವ ಹೊತ್ತು ನಿಮಗೆ ಗೊತ್ತೇ ಇದೆ. ಮನೆಯ ಮುಂದೆ ಇಡಲು ಇದು ಉತ್ತಮ, ಫಡಕ್ಕೆ ಒಯ್ಯಲು ಬಾರದು.

ಕೆಲವರು ತುಂಬಿದ ಟಾಕಿಯನ್ನಷ್ಟೇ ಟ್ರೇಲರಿನಲ್ಲಿ ಒಯ್ದರೆ ಸಾಕಲ್ಲ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿರಿ. 50 ಲೀಟರಿನ ಟಾಕಿಯಲ್ಲಿ 8 ಕಿಲೋ ಹವಾ ತುಂಬಿ ಒಯ್ದು ಪೂರ್ತಿ ಇಳಿದ 80 ಲೀಟರಿನ ಟಾಯರಿಗೆ ಬಿಟ್ಟರೆ, ಎರಡೂ ಸಮನಾಗಿ 3 ಕಿಲೋ ಚಿಲ್ಲರೆಗೆ, ಅಂದರೆ 44 ಪೌಂಡಿಗೆ ನಿಲ್ಲುತ್ತವೆ. ತುಂಬಿದ ಟ್ರೇಲರು ಕಾರಖಾನೆ ಮುಟ್ಟಲು ಅದು ಸಾಲದು. ಆದರೆ ನಡುರಸ್ತೆಯಲ್ಲಿ ನಿಂತದ್ದನ್ನು ಮೆಲ್ಲಗೆ ನೂರು ಮಾರು ಸರಿಸಿ ಬದಿಗೆ ತರಲು ಸಾಕು, ಅದು ಸಣ್ಣ ಮಾತಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಟ್ರೇಲರಿಗೆ ಹವಾದ ಬ್ರೇಕು ಇರುವ ಟ್ರ್ಯಾಕ್ಟರಿನಲ್ಲಿ ಇಂಜಿನಿನಿಂದ ಓಡುವ ಕಂಪ್ರೆಸರೂ ಟಾಕಿಯೂ ಮೊದಲೇ ಇವೆ. ಅಂಥವರು ಹೊಸದು ಕೊಳ್ಳುವುದು ದುಂದು. ಬಲ್ಲ ಮೆಕ್ಯಾನಿಕನಿಂದ ಆ ಟಾಕಿಗೆ ಒಂದು ಬಂದ್ ಮಾಡುವ ತೋಟಿ ಮತ್ತು ನಳಿಕೆ ಹಚ್ಚಿಸಿಕೊಂಡರೆ ಆಯಿತು. ಟಾಯರು ತುಂಬಿದ ಮೇಲೆ ತೋಟಿ ಬಂದ್ ಮಾಡಿ, ಬ್ರೇಕಿನ ಗೇಜು ತನ್ನ ಜಾಗಕ್ಕೆ ಏರುವ ತನಕ ಗಾಡಿ ಹೊರಡಿಸಬಾರದು.

ಜತ್ತ, ಅಕ್ಕಲಕೋಟೆ ಕಡೆ ಬಾವಿಯ ಕಲ್ಲು ಹೊಡೆಯಲು ಬರುವ ದೊಡ್ಡ ಕಂಪ್ರೆಸರ್ ಟ್ರ್ಯಾಕ್ಟರಿನವರನ್ನು ಕರೆದು ಹವಾ ಹೊಡೆಸಿಕೊಳ್ಳುವ ರೂಢಿ ಅಲ್ಲಲ್ಲಿ ಇದೆ. ಕಲ್ಲಿನಲ್ಲಿ ತೂತು ಕೊರೆಯುವ ಹವಾ ಅದು. ಗೇಜಿಲ್ಲದೆ ಅದರ ನಳಿಕೆಯನ್ನು 20 ಪೌಂಡಿನ ಟಾಯರಿಗೆ ಹಿಡಿಯುವುದು ಟಾಯರಿಗೂ ಹಿಡಿದವನಿಗೂ ಅಪಾಯ. ಬೇಡ.

ಅಂಗಡಿಯಲ್ಲಿ ನೋಡುವುದು

ಮೊದಲು ಗೇಜು. ಕಂಪ್ರೆಸರಿನ ಮೇಲೆ ಕೂಡಿಸಿದ ಗೇಜು 0ಯಿಂದ 150ರ ತನಕ ಇರುತ್ತದೆ. ಅದರಲ್ಲಿ 12ಕ್ಕೂ 18ಕ್ಕೂ ಮುಳ್ಳಿನ ಒಂದು ಕೂದಲಿನಷ್ಟು ಅಂತರ. ಹೊಲದ ಹವಾ ನೋಡಲು ಅದು ನಿರುಪಯೋಗಿ. 0ಯಿಂದ 30 ಅಥವಾ 60 ಪೌಂಡಿನ ಬೇರೆ ಗೇಜು ಒಂದನ್ನು ಕೊಳ್ಳಿರಿ, ಟ್ರೇಲರಿಗೆ ದೊಡ್ಡದು ಇರಲಿ. ಕೈಯಲ್ಲಿ ಹಣ ಕಡಿಮೆ ಇದ್ದರೆ ಈ ವರ್ಷ ಗೇಜು ಮಾತ್ರ ಕೊಳ್ಳಿರಿ, ಕಂಪ್ರೆಸರ್ ಬರುವ ವರ್ಷಕ್ಕೆ ಇರಲಿ. ನಿಮ್ಮ ಟಾಯರಿನಲ್ಲಿ ಈಗ ಎಷ್ಟು ಹವಾ ಇದೆ ಎಂದು ಗೊತ್ತಾಗುವುದೇ ಅರ್ಧ ಲಾಭ. ಕೆಲವು ಗೇಜುಗಳಲ್ಲಿ ಕಿಲೋ ಇರುತ್ತದೆ, 1 ಕಿಲೋ ಎಂದರೆ 14.2 ಪೌಂಡ್.

ಅಂಗಡಿಯವನಿಗೆ ಸೈಕಲ್ ಟ್ಯೂಬಿನ ಮೇಲೆ ತೋರಿಸಲು ಬಿಡಬೇಡಿರಿ. ಟ್ರ್ಯಾಕ್ಟರ್ ಒಯ್ದಿದ್ದರೆ ಹಿಂದಿನ ಗಾಲಿಯನ್ನು 12ಕ್ಕೆ ಇಳಿಸಿ, ಗಡಿಯಾರ ಹಿಡಿದು 20ಕ್ಕೆ ಏರಿಸಿ ತೋರಿಸೆನ್ನಿರಿ. ಮೇಲೆ ಹೇಳಿದ 107 ಲೀಟರನ್ನು ಬಂದ ನಿಮಿಷಗಳಿಂದ ಭಾಗಿಸಿದರೆ ಯಂತ್ರದ ನಿಜವಾದ ಯೋಗ್ಯತೆ ನಿಮ್ಮ ಕೈಯಲ್ಲಿ. ಹಾಗೆ ತೋರಿಸಲು ಒಪ್ಪದ ಅಂಗಡಿಯಿಂದ ಎದ್ದು ಬರಬಹುದು.

ವಾಯರು ದಪ್ಪ ಇರಲಿ, ನಡುವೆ ಫ್ಯೂಜು ಇರಲಿ. ಹತ್ತು ನಿಮಿಷ ಓಡಿದ ಮೇಲೆ ವಾಯರು ಬಿಸಿಯಾಗಿ ಮೆತ್ತಗಾದರೆ ಅದು ತೆಳುವಾಯಿತು. ಟ್ರೇಲರಿನ ಹಿಂದಿನ ಗಾಲಿ ದೂರ ಇದೆಯೆಂದು ಕರೆಂಟಿನ ವಾಯರನ್ನು ಉದ್ದ ಮಾಡಬೇಡಿರಿ, ಉದ್ದ ವಾಯರಿನಲ್ಲಿ ವೋಲ್ಟು ಇಳಿದು ಮೋಟರು ಕಾಯುತ್ತದೆ. ಉದ್ದ ಬೇಕಾದದ್ದು ಹವಾದ ನಳಿಕೆ, ಎಂಟು ಹತ್ತು ಮೀಟರ್ ಇದ್ದರೆ ಒಳ್ಳೆಯದು. ಟಾಯರಿನ ಎದುರು ನಿಲ್ಲದೆ ತುಂಬಲೂ ಅದು ಬೇಕು. ಹವಾ ಎಳೆಯುವ ಬಾಯಿಗೆ ತೊಳೆಯಲು ಬರುವ ಜಾಳಿಗೆ ಇರಬೇಕು. ರವದಿಯ ಪುಡಿ, ಎರೆಯ ಧೂಳು ಒಳಗೆ ಹೋದರೆ ಉಂಗುರ ಸವೆದು ಒಂದೇ ಹಂಗಾಮಿನಲ್ಲಿ ಯಂತ್ರ ಊದುವುದನ್ನು ಬಿಟ್ಟು ಬರೀ ಸಪ್ಪಳ ಮಾಡುತ್ತದೆ.

ಹಿಂದಿನ ಟಾಯರಿಗೆ ನೀರು ತುಂಬಿಸಿದವರಿಗೆ ಒಂದು ಮಾತು. ಮುಕ್ಕಾಲು ಪಾಲು ನೀರಿದ್ದರೆ 200 ಲೀಟರಿನಲ್ಲಿ ಹವಾಕ್ಕೆ ಉಳಿಯುವುದು 50 ಲೀಟರ್ ಮಾತ್ರ. ತುಂಬುವುದು ಬೇಗ, ಇಳಿಯುವುದೂ ಬೇಗ. ವಾಲ್ವು ಗಾಲಿಯ ತುದಿಗೆ ಬರುವಂತೆ ಗಾಡಿ ನಿಲ್ಲಿಸಿಯೇ ಗೇಜು ಹಚ್ಚಿರಿ, ಕೆಳಗಿದ್ದರೆ ನೀರು ನುಗ್ಗಿ ಗೇಜು ಕೆಡುತ್ತದೆ, ನೀರಿನ ಎತ್ತರದಿಂದ ಅಂಕಿಯೂ ಒಂದೂವರೆ ಪೌಂಡ್ ಹೆಚ್ಚು ತೋರುತ್ತದೆ. ಕುಳೆ ಕಬ್ಬಿನ ಸಾಲಿನಲ್ಲಿ ಓಡಿಸುವ ಟ್ರ್ಯಾಕ್ಟರಿನ ನೀರು ತೆಗೆದುಬಿಡುವುದು ಲೇಸು. ಆಳದ ಮಣ್ಣನ್ನು ಒತ್ತುವುದು ಒಟ್ಟು ಭಾರ. ಮೆತ್ತಗಿನ ಟಾಯರು ಮೇಲಿನ ಪದರವನ್ನು ಕಾಯುತ್ತದೆ, ಒಂದು ಮೊಳದ ಕೆಳಗಿನ ಪೆಟ್ಟನ್ನು ಅದು ತಡೆಯದು.

ಅದಕ್ಕೇ ತುಂಬಿದ ಟ್ರೇಲರಿನ ವಿಷಯದಲ್ಲಿ ಹವಾ ಇಳಿಸುವ ಉಪಾಯ ಇಲ್ಲ. 75 ಪೌಂಡ್ ಬೇಕಾದ ಟಾಯರನ್ನು 30ಕ್ಕೆ ಇಳಿಸಿ ಅದರ ಮೇಲೆ ಎರಡು ಟನ್ನು ಹೇರಿದರೆ ಟಾಯರು ಹರಿಯುತ್ತದೆ. ಹಿಂಗಾರಿ ಮಳೆ ಬಿದ್ದು ಹೊಲ ಹಸಿ ಇದ್ದಾಗ ಟ್ರೇಲರು ಬದುವಿನ ಮೇಲೆಯೇ ನಿಲ್ಲಲಿ, ಹೊರೆ ತಲೆಯ ಮೇಲೆ ಬರಲಿ. ಟೋಳಿಯವರು ಅದಕ್ಕೆ ಹೆಚ್ಚು ಕೂಲಿ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಒಂದು ಗೇಣು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಶಾವಿಗೆಯ ಹಾಗೆ ಎಳೆ ಬಂದರೆ ಗಾಲಿ ಇಳಿಸುವ ಹೊಲವಲ್ಲ, ಪುಡಿಯಾದರೆ ಇಳಿಸಬಹುದು.

ಹವಾ ಎಷ್ಟು ಇಳಿಸಬಹುದು

ಇಳಿಸುವುದಕ್ಕೂ ಮಿತಿ ಉಂಟು. ಕಡಿಮೆ ಹವಾದಲ್ಲಿ ಭಾರದ ನೇಗಿಲು ಎಳೆದರೆ ರಿಮ್ಮು ತಿರುಗಿ ಟಾಯರು ಹಿಂದೆ ಉಳಿಯುತ್ತದೆ, ಟ್ಯೂಬಿನ ವಾಲ್ವು ಬುಡದಲ್ಲಿ ಕಿತ್ತುಬರುತ್ತದೆ. ಟಾಯರು ಮತ್ತು ರಿಮ್ಮಿನ ಮೇಲೆ ಸೇರಿಸಿ ಸುಣ್ಣದ ಒಂದು ಗೆರೆ ಎಳೆದಿಡಿರಿ. ಸಂಜೆಗೆ ಗೆರೆ ಮುರಿದು ಎರಡಾಗಿದ್ದರೆ ಎರಡು ಪೌಂಡ್ ಏರಿಸಿರಿ.

ಗಾಲಿ ಜಾರುವುದನ್ನೂ ಅಳೆಯಬಹುದು. ಗಾಲಿಗೆ ಗುರುತು ಮಾಡಿ, ಅವಜಾರು ಎತ್ತಿಕೊಂಡು ಹತ್ತು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ನೋಡಿರಿ. ಆಮೇಲೆ ನೇಗಿಲು ಇಳಿಸಿ ಹತ್ತು ಸುತ್ತು. ಮೊದಲು 39 ಮೀಟರ್ ಹೋದದ್ದು ಈಗ 33 ಹೋದರೆ ಜಾರಿಕೆ ನೂರಕ್ಕೆ 15ರಷ್ಟು. ಅದಕ್ಕಿಂತ ಬಹಳ ಹೆಚ್ಚಾದರೆ ಡೀಸೆಲು ಗಾಲಿಯ ಕೆಳಗೆ ಸೋರುತ್ತಿದೆ ಎಂದೇ ತಿಳಿಯಿರಿ. ಹವಾ ಸರಿಮಾಡಿ ಮತ್ತೊಮ್ಮೆ ಅಳೆದರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಹವಾ ನೋಡುವುದು ಬೆಳಿಗ್ಗೆ, ಟಾಯರು ತಣ್ಣಗಿದ್ದಾಗ. ನಮ್ಮ ಕಡೆಯ ಬಿಸಿಲಿನಲ್ಲಿ ಹತ್ತು ಮೈಲು ಓಡಿ ಬಂದ ಟ್ರೇಲರಿನ ಗೇಜು ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಹವಾ ಬಿಟ್ಟರೆ ರಾತ್ರಿಗೆ ಟಾಯರು ಮೆತ್ತಗಾಗುತ್ತದೆ.

ದಾರಿಯಲ್ಲಿ ನಿಂತ ಟ್ರೇಲರು

ಕಡಿದ ಕಬ್ಬು ಒಂದು ದಿನದೊಳಗೆ ಗಾಣಕ್ಕೆ ಹೋಗಬೇಕು. ತಡವಾದಷ್ಟೂ ನೀರು ಆರಿ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಒಡೆಯುತ್ತದೆ. ಕಾಟಾದ ಮೇಲೆ ಇಳಿದ ತೂಕ ನಿಮ್ಮ ಹೆಸರಿನಲ್ಲಿಯೇ ಇಳಿಯುವುದು, ಟ್ರ್ಯಾಕ್ಟರಿನವನ ಹೆಸರಿನಲ್ಲಲ್ಲ. ಆದ್ದರಿಂದ ಕಬ್ಬು ಸಾಗಿಸುವವನ ಬಳಿ ಹವಾದ ವ್ಯವಸ್ಥೆ ಇದೆಯೋ ಇಲ್ಲವೋ ಎಂದು ಕೇಳುವ ಹಕ್ಕು ಕಬ್ಬು ಕೊಟ್ಟ ಸಭಾಸದನಿಗೆ ಪೂರ್ತಿ ಇದೆ.

ತೂಕಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ರಾತ್ರಿ ರಸ್ತೆಯ ಮೇಲೆ ಗಾಲಿ ಕುಸಿದು ನಿಂತ ಕಬ್ಬಿನ ಟ್ರೇಲರು, ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋಗಿದೆ. ಚಾಲಕ ಪಂಕ್ಚರ್ ಅಂಗಡಿ ಹುಡುಕಿಕೊಂಡು ಹೋಗಿದ್ದಾನೆ. ಎದುರಿನ ಗಾಡಿಯ ಬೆಳಕಿಗೆ ಕಣ್ಣು ಕುಕ್ಕಿದ ಮೋಟರ್ ಸೈಕಲ್ಲಿನವನಿಗೆ ಅದು ಕಾಣುವುದು ಮೈಮೇಲೆ ಬಂದಾಗಲೇ. ಹೀಗೆ ಜೀವ ಕಳೆದುಕೊಂಡವರು ನಮ್ಮ ಎಲ್ಲರ ಊರುಗಳಲ್ಲಿಯೂ ಇದ್ದಾರೆ, ಹೆಸರು ಹೇಳುವುದು ಬೇಡ. ಕಂಪ್ರೆಸರ್ ಜೊತೆಗಿದ್ದರೆ ಸಣ್ಣ ಮೊಳೆಯ ತೂತಿಗೆ ಹವಾ ಹೊಡೆಯುತ್ತ ಹೊಡೆಯುತ್ತ ಹತ್ತಿರದ ಬಯಲಿಗೆ ಗಾಡಿ ತರಬಹುದು. ತರಲು ಆಗದಿದ್ದರೆ ಹಿಂದೆ ನೂರು ಹೆಜ್ಜೆ ದೂರದಲ್ಲಿ ಹೊಳೆಯುವ ತ್ರಿಕೋನವಿಟ್ಟು ಒಬ್ಬನನ್ನು ಬ್ಯಾಟರಿ ದೀಪ ಕೊಟ್ಟು ನಿಲ್ಲಿಸಬೇಕು. ಗಾಲಿಗೆ ಒಡ್ಡಿದ ಕಲ್ಲುಗಳನ್ನು ಹೊರಡುವಾಗ ತೆಗೆದು ಬದಿಗೆ ಹಾಕಬೇಕು. ಕಲ್ಲು ರಸ್ತೆಯಲ್ಲಿಯೇ ಬಿಟ್ಟು ಹೋಗುವುದು ನಮ್ಮ ಸಾಗಾಣಿಕೆಯವರಿಗೆ ಅಂಟಿದ ಕೆಟ್ಟ ಚಾಳಿ.

ಆದರೆ ಅವಸರದಲ್ಲಿ ಇದೊಂದನ್ನು ಮಾಡಬಾರದು. ಹವಾ ಪೂರ್ತಿ ಇಳಿದ ಮೇಲೂ ಭಾರದೊಂದಿಗೆ ಅರ್ಧ ಫರ್ಲಾಂಗಿಗಿಂತ ಹೆಚ್ಚು ಎಳೆದ ಟಾಯರಿನ ಮಗ್ಗುಲಿನ ಎಳೆಗಳು ಒಳಗೇ ಹರಿದಿರುತ್ತವೆ, ಹೊರಗೆ ಕಾಣುವುದಿಲ್ಲ. ಅದಕ್ಕೆ ಜಾಗದಲ್ಲಿಯೇ 75 ಪೌಂಡ್ ತುಂಬಲು ಹೋದರೆ ಮಗ್ಗುಲು ಸಿಡಿಯುತ್ತದೆ. ಅಂಥದ್ದನ್ನು ಬಿಚ್ಚಿಸಿ ಒಳಗೆ ನೋಡದೆ ಹವಾ ಹಾಕಬಾರದು. ಉಂಗುರ ಕೂಡಿಸಿದ ರಿಮ್ಮಿನ ಗಾಲಿಯಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಉಂಗುರ ಸರಿಯಾಗಿ ಕೂತಿರದಿದ್ದರೆ ಹವಾ ಏರಿದಾಗ ಅದು ಗುಂಡಿನ ಹಾಗೆ ಹಾರುತ್ತದೆ. ನಳಿಕೆಯ ತುದಿಯಲ್ಲಿ ಕೈಬಿಟ್ಟರೂ ಹಿಡಿದುಕೊಳ್ಳುವ ಚಿಮುಟಿ ಇರಬೇಕು. ಅದನ್ನು ಹಚ್ಚಿ, ಗಾಲಿಯ ಎದುರಿಗಲ್ಲದೆ ಟಾಯರಿನ ಓಟದ ಕಡೆಗೆ, ಸಾಕಷ್ಟು ದೂರ ನಿಲ್ಲಬೇಕು. ಟಾಯರು ಇರುವಾಗ ರಿಮ್ಮಿಗೆ ವೆಲ್ಡಿಂಗ್ ಹಿಡಿಸಬಾರದು, ಹವಾ ತೆಗೆದಿದ್ದರೂ ಬಾರದು. ಹುಡುಗರು ನೋಡಲು ಕೂಡುತ್ತಾರೆ, ಅವರನ್ನು ಮೊದಲು ಅಟ್ಟಿರಿ.

ಇನ್ನು ಯಾರು ಕೊಳ್ಳಬೇಕು. ಸ್ವಂತ ಎರಡು ಮೂರು ಎಕರೆಯ ಸಲುವಾಗಿ ಬಾಡಿಗೆ ಟ್ರ್ಯಾಕ್ಟರ್ ಕರೆಸುವವರು ಕೊಳ್ಳಬೇಕಾಗಿಲ್ಲ, ಗೇಜು ಇಟ್ಟುಕೊಂಡು ಬಂದ ಟ್ರ್ಯಾಕ್ಟರಿನ ಹವಾ ನೋಡಿ ಹೊಲಕ್ಕೆ ಬಿಟ್ಟರೆ ಸಾಕು. ಸ್ವಂತ ಟ್ರ್ಯಾಕ್ಟರ್ ಇದ್ದು ಉಳುಮೆ ಮಾತ್ರ ಮಾಡುವವರು ವರ್ಷದಲ್ಲಿ ನಾಲ್ಕಾರು ಸಲ ಹವಾ ಏರಿಳಿಸುತ್ತಾರೆ, ಒಂದು ವಸ್ತಿಯ ಐದಾರು ಜನ ಸೇರಿ ಒಂದು ಸಿಲಿಂಡರಿನದನ್ನು ಕೊಂಡರೆ ಧಾರಾಳ. ಕರಾರಿನ ಸಾಗಾಣಿಕೆಯವರು ಪ್ರತಿ ಟ್ರ್ಯಾಕ್ಟರಿಗೆ ಎರಡು ಸಿಲಿಂಡರಿನದನ್ನು ಇಟ್ಟುಕೊಳ್ಳಲೇಬೇಕು ಎಂಬುದು ನನ್ನ ಮತ. ಊರಿನ ವಿವಿಧ ಕಾರ್ಯಕಾರಿ ಸೊಸಾಯಟಿಯ ಮುಂದೆ ಪಟ್ಟಾದ ಒಂದು ಟಾಕಿ ಕಂಪ್ರೆಸರು ಇದ್ದರೆ ಎತ್ತಿನ ಗಾಡಿಯವರಿಗೂ ಅನುಕೂಲ. ಅದನ್ನು ಇಡುವವರು ಪಟ್ಟಾಕ್ಕೆ ಜಾಳಿಗೆಯ ಮುಚ್ಚಳ ಹಾಕಿಸಿರಿ, ಧೋತರದ ಚುಂಗು ಸಿಗಲು ಒಂದು ಕ್ಷಣ ಸಾಕು. ಟಾಕಿಯ ತಳದಲ್ಲಿ ಕೂಡುವ ನೀರನ್ನು ದಿನಾ ಸಂಜೆ ತೋಟಿ ತೆರೆದು ಬಿಡಬೇಕು, ಬಿಡದಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತದೆ. ತುಕ್ಕು ತಿಂದ ಟಾಕಿಗೆ ವೆಲ್ಡಿಂಗ್ ಹಚ್ಚಿ ಮತ್ತೆ ಬಳಸಬಾರದು, ಬದಲಿಸಬೇಕು.

ಹಂಗಾಮು ಮುಗಿದು ಟ್ರೇಲರು ನಿಲ್ಲಿಸುವಾಗ ಅದನ್ನು ಜಾಕಿನ ಮೇಲೆ ಎತ್ತಿ ಕಲ್ಲು ಕೊಟ್ಟು, ಗಾಲಿ ನೆಲಕ್ಕೆ ತಾಗದಂತೆ ಇಡಿರಿ. ಟಾಯರಿನ ಮೇಲೆ ಬಿಸಿಲು ಬೀಳದಂತೆ ಹಳೆಯ ತಟ್ಟು ಹೊದಿಸಿರಿ. ಕಂಪ್ರೆಸರಿನ ಜಾಳಿಗೆ ತೊಳೆದು ಒಣಗಿಸಿ, ನಳಿಕೆಯನ್ನು ಮಡಚದೆ ಸುರುಳಿ ಸುತ್ತಿ ಮನೆಯೊಳಗೆ ಇಡಿರಿ. ದನದ ಕೊಟ್ಟಿಗೆಯಲ್ಲಿಟ್ಟರೆ ಇಲಿ ಮೊದಲು ಕಡಿಯುವುದು ಆ ನಳಿಕೆಯನ್ನೇ.